ಹಿನ್ನೀರಿನಾಚೆಯ ಶಾಲೆ

ಸಾಗರದಿಂದ ಸಿಗಂದೂರಿನ ದಾರಿ ಹಿಡಿದ ಬಸ್ಸು ಹಿಂದೆಲ್ಲ ಹೊಳೆಬಾಗಿಲಿಗೆ ಬಂದು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ಅಲ್ಲಿಗೆ ದಾರಿ ಮುಗಿಯುತ್ತಿತ್ತು, ನೀರು ಮೊದಲಾಗುತ್ತಿತ್ತು. ಕಣ್ಣು ಹಾಯುವಷ್ಟು ದೂರವೂ ಶರಾವತಿಯ ಹಿನ್ನೀರು. ಅದರ ನಡುವೆ ತಲೆಯೆತ್ತಿ ನಿಂತ ಗುಡ್ಡಗಳು. ಆಚೆ ದಡದಲ್ಲಿ ಮಸುಕು ಮಸುಕಾದ ಕಾಡು. ಜನ, ಸೈಕಲ್ಲು, ಜೀಪು, ಕೊನೆಗೆ ಬಸ್ಸನ್ನೂ ಹೊತ್ತುಕೊಂಡು ಲಾಂಚು ನಿಧಾನವಾಗಿ ದಡ ಬಿಡುತ್ತಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿತೆಂದರೆ ಆ ರಾತ್ರಿಯ ಮಟ್ಟಿಗೆ ಆಚೆಯವರು ಆಚೆ, ಈಚೆಯವರು ಈಚೆ.

ಇಂದು ಬಸ್ಸು ಅಲ್ಲಿ ನಿಲ್ಲಬೇಕಾಗಿಲ್ಲ. ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆಯೊಂದು 2025ರ ಜುಲೈ 14ರಂದು ತೆರೆಯಿತು. ಮುಗಿಲಿಗೆ ಚಾಚಿದ ಕಂಬಗಳಿಂದ ಇಳಿದ ಉಕ್ಕಿನ ಹಗ್ಗಗಳು ಅದನ್ನು ಹಿಡಿದು ನಿಲ್ಲಿಸಿವೆ. ಹಿಂದೆ ಕಾದು, ದಾಟಿ, ಇಳಿಯುವಷ್ಟರಲ್ಲಿ ಅರ್ಧ ದಿನವನ್ನೇ ನುಂಗುತ್ತಿದ್ದ ಪ್ರಯಾಣ ಈಗ ಕೆಲವೇ ನಿಮಿಷಗಳದು.

2025ರ ನವೆಂಬರ್ 10, ಸೋಮವಾರ ಬೆಳಗ್ಗೆ ನಾನು ಆ ಸೇತುವೆಯ ಮೇಲೆ ಹೋಗುತ್ತಿದ್ದೆ. ಪಕ್ಕದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು. ಬಿ.ಎ. ಮುಗಿಸಿ ಬಿ.ಎಡ್. ಪ್ರವೇಶಕ್ಕಾಗಿ ಕಾಯುತ್ತಿದ್ದ ಆಕೆ, ಕಾಯುವ ದಿನಗಳನ್ನು ಸುಮ್ಮನೆ ಕಳೆಯಲೊಲ್ಲದೆ, ಹಳ್ಳಿಯ ಶಾಲೆಯೊಂದರಲ್ಲಿ ಆರು ವಾರ ಸಂಬಳವಿಲ್ಲದೆ ಪಾಠ ಹೇಳಲು ಹೊರಟಿದ್ದಳು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಪತ್ರ ಅವಳ ಚೀಲದಲ್ಲಿತ್ತು.

“ಸರ್, ಮೊದಲನೆಯ ದಿನ ಏನು ಪಾಠ ಮಾಡಲಿ?” ಎಂದು ಕೇಳಿದಳು.

ನಾನು ಕೂಡಲೆ ಉತ್ತರ ಕೊಡಲಿಲ್ಲ. ನನ್ನ ಚೀಲದಲ್ಲಿಯೂ ಪತ್ರಗಳಿದ್ದವು. ಹದಿನೈದು ವರುಷದ ಹಿಂದಿನ, ಅಂಚು ಹಳದಿಯಾದ ಎರಡು ಅಂಚೆ ಕಾರ್ಡುಗಳು. ಅವು ಬಂದದ್ದು ಆಕೆ ಈಗ ಹೋಗುತ್ತಿದ್ದ ಶಾಲೆಯಿಂದಲೇ. ಅವಕ್ಕೆ ನಾನು ಉತ್ತರ ಬರೆದಿರಲಿಲ್ಲ.

* * *

ಈ ನೀರಿನ ಕಥೆ ತಿಳಿಯದೆ ಆಚೆ ದಡದ ಶಾಲೆಯ ಕಥೆ ತಿಳಿಯದು. ಶರಾವತಿಗೆ 1948ರಲ್ಲಿ ಮೊದಲ ಕಟ್ಟೆ ಬಿದ್ದದ್ದು ಮಡೆನೂರಿನಲ್ಲಿ. ಹಿರೇಭಾಸ್ಕರ ಅಣೆಕಟ್ಟೆಂದು ಅದಕ್ಕೆ ಹೆಸರು. ಮುಂದೆ 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದು ನಿಂತಾಗ ಏರಿದ ನೀರು ಆ ಹಳೆಯ ಕಟ್ಟೆಯನ್ನೇ ನುಂಗಿತು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ನೀರು ತಳ ಕಂಡಾಗ ಅದು ಮತ್ತೆ ಮೇಲೆದ್ದು ಕಾಣಿಸುತ್ತದೆ. ನೋಡಲು ಜನ ಹೋಗುತ್ತಾರೆ. ಕಟ್ಟೆಯೊಂದಿಗೆ ಮುಳುಗಿದ ಗದ್ದೆ, ತೋಟ, ಮನೆಯಂಗಳಗಳನ್ನು ನೋಡಲು ಹೋಗುವವರು ಅವುಗಳ ಒಡೆಯರು ಮಾತ್ರ. ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿಗೆಲ್ಲ ಬೆಳಕು ಕೊಟ್ಟಿತು. ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್. ಮುಳುಗಡೆಯಾದ ಸಂಸಾರಗಳಲ್ಲಿ ಎಷ್ಟೋ ಮಂದಿ ಗಂಟುಮೂಟೆ ಕಟ್ಟಿ ದೂರದ ಕಾಡುಗಳಿಗೆ ಹೋದರು. ಹೋಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳವರು ಮೂರು ಕಡೆ ನೀರನ್ನೂ ಒಂದು ಕಡೆ ಕಾಡನ್ನೂ ಕಟ್ಟಿಕೊಂಡು ಬದುಕಿದರು.

ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜರು ಈ ಜನರ ಪಾಡನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದಿದ್ದಾರೆ. ‘ದ್ವೀಪ’ವನ್ನು 2002ರಲ್ಲಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರವನ್ನಾಗಿಸಿದರು. 2010ರಲ್ಲಿ, ಎಂ.ಎ. ಮೊದಲ ವರ್ಷದ ಪರೀಕ್ಷೆ ಮುಗಿಸಿದ್ದ ಇಪ್ಪತ್ತೆರಡರ ನಾನು, ಆ ಕಾದಂಬರಿಯನ್ನೋದಿದ ಹುಮ್ಮಸ್ಸಿನಲ್ಲಿಯೇ ಆಚೆ ದಡದ ಶಾಲೆಗೆ ಹೊರಟೆನೆಂದರೆ ವಾಚಕರು ನಗಬಾರದು. ಆ ವಯಸ್ಸಿನಲ್ಲಿ ಮನುಷ್ಯ ಪುಸ್ತಕ ಹೇಳಿದ ಕಡೆಗೆಲ್ಲ ಹೋಗುತ್ತಾನೆ. ಹಿಂದಿರುಗಿ ಬರುವುದು ಮಾತ್ರ ತನ್ನ ಅನುಕೂಲಕ್ಕೆ.

* * *

ಅದು ಜೂನ್ ತಿಂಗಳು. ಲಾಂಚಿನಲ್ಲಿ ನಿಂತ ನನಗೆ ಆಚೆ ದಡ ಕಾಣಲಿಲ್ಲ; ನೀರಿಗೂ ಆಕಾಶಕ್ಕೂ ನಡುವೆ ಮಳೆಯದೊಂದೇ ಪರದೆ. ದಡದಿಂದ ಜೀಪಿನಲ್ಲಿ ಒಂದಷ್ಟು ದೂರ. ಅಲ್ಲಿಂದ ಮುಂದೆ ಕಾಲುದಾರಿ. ಎರಡು ಹಳ್ಳಗಳಿಗೆ ಅಡಕೆ ಮರದ ಕಾಲುಸಂಕ. ಶಾಲೆ ಮುಟ್ಟುವ ಹೊತ್ತಿಗೆ ನನ್ನ ಕಾಲಿನಲ್ಲಿ ನಾಲ್ಕು ಉಂಬಳಗಳು ನೆತ್ತರು ಕುಡಿದು ಗುಂಡಗಾಗಿದ್ದವು. ಬಾಗಿಲಲ್ಲಿ ನಿಂತಿದ್ದ ಮಕ್ಕಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು. ಪುಟ್ಟ ಹುಡುಗಿಯೊಬ್ಬಳು ಒಳಗೋಡಿ ಸುಣ್ಣದ ಡಬ್ಬಿ ತಂದಳು. ಹೀಗೆ ಆ ಶಾಲೆಯಲ್ಲಿ ಮೊದಲ ಪಾಠ ಕಲಿತವನು ನಾನು.

ಹೆಂಚಿನ ಮಾಡಿನ ಎರಡು ಕೋಣೆ. ಪಕ್ಕದಲ್ಲಿ ಬಿಸಿಯೂಟದ ಅಡುಗೆಮನೆ. ಒಂದರಿಂದ ಐದರವರೆಗೆ ಒಟ್ಟು ಇಪ್ಪತ್ತಮೂರು ಮಕ್ಕಳು. ಎಲ್ಲರಿಗೂ ಸೇರಿ ಒಬ್ಬರೇ ಮೇಷ್ಟ್ರು. ಅವರು ಬಯಲುಸೀಮೆಯವರು. ಒಂದು ವರ್ಷವಿದ್ದು ವರ್ಗ ಮಾಡಿಸಿಕೊಂಡು ಹೋಗುವೆನೆಂದು ಬಂದವರು, ಆಗಲೇ ಹನ್ನೊಂದು ಮಳೆಗಾಲ ಕಳೆದಿದ್ದರು. ಪಾಠ, ಹಾಜರಿ, ಅಕ್ಕಿಯ ಲೆಕ್ಕ, ಗಣತಿ, ಸಾಗರಕ್ಕೆ ಹೋಗಬೇಕಾದ ಸಭೆಗಳು, ಇಷ್ಟೂ ಒಂದೇ ಹೆಗಲಿನ ಮೇಲೆ. ಅವರು ಸಭೆಗೆ ಹೋದ ದಿನ ಐದನೆಯ ತರಗತಿಯ ಹುಡುಗಿ ಉಳಿದವರಿಗೆ ಮಗ್ಗಿ ಹೇಳಿಸುತ್ತಿದ್ದಳು.

ನನ್ನನ್ನು ಪರಿಚಯ ಮಾಡಿಕೊಟ್ಟಾಗ ಮಕ್ಕಳು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಹಿಂದಿನ ಸಾಲಿನಿಂದ ಒಂದೇ ಪ್ರಶ್ನೆ ಬಂತು:

“ಎಷ್ಟು ದಿನಕ್ಕೆ ಬಂದದ್ದು?”

ನಾನು ನಕ್ಕು, “ನೀವೆಲ್ಲ ಜಾಣರಾಗುವವರೆಗೆ” ಎಂದೆ. ಮಾತು ನನಗೆ ಚೆನ್ನಾಗಿಯೇ ಕೇಳಿಸಿತು. ಮಕ್ಕಳು ನಗಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಮಳೆಯನ್ನು ನೋಡಿದರು.

ಅಂದಿನಿಂದ ಅವರು ‘ದೊಡ್ಡ ಮೇಷ್ಟ್ರು’, ನಾನು ‘ಸಣ್ಣ ಮೇಷ್ಟ್ರು’.

* * *

ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸೂತ್ರ ಸಹಿತ ಓದಿದವನಿಗೆ ಒಂದನೆಯ ತರಗತಿಯ ಅಕ್ಷರಮಾಲೆ ಒಂದು ಲೆಕ್ಕವೇ ಎಂದುಕೊಂಡಿದ್ದೆ. ಕರಿಹಲಗೆಯ ಮೇಲೆ ದುಂಡಗೆ ‘ಅ’ ಬರೆದು, ಪಕ್ಕದಲ್ಲಿ ‘ಆ’ ಬರೆಯುವಷ್ಟರಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, “ಹಾಂಗಲ್ಲ ಸಣ್ಣ ಮೇಷ್ಟ್ರೇ, ಮೊದಲು ರ, ಗ, ಸ, ದ, ಅ” ಎಂದು ತಿದ್ದಿದಳು.

ಅದು ‘ನಲಿ-ಕಲಿ’ಯ ಕ್ರಮ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕೆಲವು ಶಿಕ್ಷಕರು, ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳಿಂದ ಪ್ರೇರಣೆ ಪಡೆದು ಆರಂಭಿಸಿದ ಪದ್ಧತಿ ಅದು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತ್ತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ವರ್ತುಲವಾಗಿ ಕುಳಿತು, ಕಾರ್ಡುಗಳನ್ನು ಹಿಡಿದು, ತಂತಮ್ಮ ವೇಗದಲ್ಲಿ ಏಣಿಯೇರಿದಂತೆ ಮುಂದುವರಿಯುತ್ತಾರೆ. ಕೆಲವರು ಮೇಷ್ಟ್ರ ಜೊತೆ, ಕೆಲವರು ಗೆಳೆಯರ ಜೊತೆ, ಕೆಲವರು ತಾವೇ ತಾವಾಗಿ. ತಲೆಯ ಮೇಲೆ ಹುರಿ ಕಟ್ಟಿದ ‘ಕಲಿಕಾ ಚಪ್ಪರ’. ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗಾಡುತ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವಂತೆ ಕಪ್ಪು ಪಟ್ಟಿ; ಅದರ ಮೇಲೆ ಪ್ರತಿಯೊಬ್ಬರಿಗೂ ಒಂದೊಂದು ತುಂಡು ಜಾಗ.

ರ, ಗ, ಸ, ದ, ಅ. ಐದೇ ಅಕ್ಷರ. ಅವುಗಳಿಂದ ಸರ, ಅರಸ, ಅಗಸ, ದಸರ. ಬರೆಯಲು ಸುಲಭ, ಕೂಡಿಸಲು ಸುಲಭ, ಕೂಡಿದ ಕೂಡಲೆ ಅರ್ಥವುಳ್ಳ ಮಾತು. ಸ್ವರ ಮೊದಲು, ವ್ಯಂಜನ ಆಮೇಲೆ ಎಂಬುದು ವ್ಯಾಕರಣದ ಶಿಸ್ತು. ಹಸಿದ ಮಗುವಿಗೆ ಮೊದಲು ತುತ್ತು, ಆಮೇಲೆ ತಟ್ಟೆಯ ಸೊಗಸು. ವಿಶ್ವವಿದ್ಯಾನಿಲಯದಲ್ಲಿ ಯಾರೂ ಹೇಳದಿದ್ದ ಈ ಮಾತನ್ನು ಆರು ವರುಷದ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಹೇಳಿಕೊಟ್ಟಳು.

ಹಿಂದಿನ ಸಾಲಿನಿಂದ ‘ಎಷ್ಟು ದಿನಕ್ಕೆ’ ಎಂದು ಕೇಳಿದವನು ನಾಲ್ಕನೆಯ ತರಗತಿಯ ಹುಡುಗ. ಅವನಿಗೆ ಓದು ಬಾರದು. ಪಾಠವನ್ನೆಲ್ಲ ಕಿವಿಯಿಂದಲೇ ಕಲಿತು, ಪುಸ್ತಕವನ್ನು ಮುಂದೆ ಹಿಡಿದು, ಬಾಯಿಪಾಠವನ್ನೇ ಓದಿನಂತೆ ಒಪ್ಪಿಸುತ್ತಿದ್ದ. ಒಂದು ದಿನ ನಾನು ಪುಟ ಬದಲಿಸಿದೆ. ಅವನು ಹಿಂದಿನ ಪುಟವನ್ನೇ ನಿರರ್ಗಳವಾಗಿ ‘ಓದಿದ’. ಮಕ್ಕಳು ನಕ್ಕರು. ಮಾರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಅವನನ್ನು ನಗೆಪಾಟಲು ಮಾಡಿದವನು ನಾನೇ ಎಂದು ಅರಿಯಲು ನನಗೆ ಒಂದು ರಾತ್ರಿ ಬೇಕಾಯಿತು.

ಸಂಜೆ ಮನೆ ಹುಡುಕಿಕೊಂಡು ಹೋದೆ. ತಂದೆ ಬಡಗಿ, ಜಗಲಿಯಲ್ಲಿ ಹಲಗೆ ಕೊಯ್ಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆಯ ಹಸೆ ಚಿತ್ತಾರವಿತ್ತು. ಪುಂಡಿ ನಾರಿನ ಕುಂಚ ಹಿಡಿದು ದೀವರ ಹೆಂಗಸರು ಬರೆಯುವ ಆ ಚಿತ್ತಾರದಲ್ಲಿ ಒಂದು ಗೆರೆಯೂ ಕೊಂಕಿರುವುದಿಲ್ಲ. ಅದನ್ನು ಬರೆದದ್ದು ಹುಡುಗನ ಅಜ್ಜಿ. “ನಿಮ್ಮ ಕೈ ಬಹಳ ಚೆಂದ, ಅಜ್ಜಿ” ಎಂದೆ.

“ಗೆರೆ ಬರ್ತದೆ ಮಗಾ, ಅಕ್ಷರ ಬರೂದಿಲ್ಲ” ಎಂದರು ಅಜ್ಜಿ. ಆಮೇಲೆ ತಮ್ಮ ತಂದೆಯ ಕಾಲದ ಮಾತು ಹೇಳಿದರು. ಇದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದುಂಟಷ್ಟೆ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಅದರ ಮೂಲ. “ಬೆಳೆಯೋ ಕೈ ನಮ್ಮದು, ಅಳೆಯೋ ಕೊಳಗ ಒಡೇರದ್ದು. ಎಷ್ಟು ಹಿಡೀತದೆ ಅಂತ ಕೇಳೂಕೆ ನಮಗೆ ಲೆಕ್ಕ ಬರ್ತಿರಲಿಲ್ಲ. ಇವನಿಗಾದರೂ ಬರಲಿ.”

ಶಾಲೆಯಲ್ಲಿ ಲೆಕ್ಕ ಕಲಿಸುವುದೆಂದರೆ ಏನೆಂಬುದನ್ನು ನಾನು ಆ ಜಗಲಿಯ ಮೇಲೆ ಕುಳಿತು, ಬೆಲ್ಲದ ಕಾಫಿ ಕುಡಿಯುತ್ತಾ ತಿಳಿದೆ.

ಹುಡುಗ ಮರಳಿ ಬಂದ. ಒಂದನೆಯ ತರಗತಿಯವರ ಜೊತೆ ಕುಳಿತು ರ, ಗ, ಸ, ದ, ಅ ಹಿಡಿಯಲು ಅವನಿಗೆ ನಾಚಿಕೆ. ಆದ್ದರಿಂದ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಾವಿಬ್ಬರೇ ಕೂರುತ್ತಿದ್ದೆವು. ಮಳೆಗಾಲದಲ್ಲಿ ಅಲ್ಲಿ ವಿದ್ಯುತ್ತು ಇದ್ದ ಗಳಿಗೆಗಿಂತ ಇಲ್ಲದ ಗಳಿಗೆಯೇ ಹೆಚ್ಚು. ನಾಡಿಗೆ ಬೆಳಕು ಕೊಟ್ಟ ನೀರಿನ ದಡದಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಓದಬೇಕಾಗಿತ್ತು. ಒಂದು ಸಂಜೆ ಆ ಅಕ್ಷರಗಳಿಂದ ‘ಗರಗಸ’ ಎಂದು ಬರೆದು, ಗುರುತಿಗೆಂದು ಪಕ್ಕದಲ್ಲಿ ಗರಗಸದ ಚಿತ್ರವನ್ನೂ ಬರೆದೆ. ಹುಡುಗ ಚಿತ್ರವನ್ನು ಬಹಳ ಹೊತ್ತು ನೋಡಿದ.

“ಈ ಗರಗಸ ಕೊಯ್ಯೂದಿಲ್ಲ ಮೇಷ್ಟ್ರೇ. ಹಲ್ಲು ಹಿಂದುಮುಂದಾಗಿದೆ.”

ನನ್ನ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡು ಹಲ್ಲುಗಳನ್ನು ತಿದ್ದಿದ. ಆಮೇಲೆ ಅದೇ ಕೈಯಿಂದ, ಯಾರೂ ಹೇಳದೆಯೆ, ಕೆಳಗೆ ಬರೆದ: ಗ, ರ, ಗ, ಸ. ನಾನು ಬೆನ್ನು ತಟ್ಟಲಿಲ್ಲ; ತಟ್ಟಿದರೆ ಆ ಗಳಿಗೆ ಒಡೆದುಹೋದೀತೆಂದು ಸುಮ್ಮನೆ ಕುಳಿತಿದ್ದೆ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು.

* * *

ಆರು ವಾರಗಳು ಮುಗಿದವು. ಅವನು ಒತ್ತಕ್ಷರದವರೆಗೂ ಬಂದಿರಲಿಲ್ಲ. ಸಣ್ಣ ಸಣ್ಣ ಪದಗಳನ್ನು ಕೂಡಿಸಿ ಓದುತ್ತಿದ್ದ. ಹೊರಡುವ ದಿನ ಮಕ್ಕಳು ಲಾಂಚಿನವರೆಗೂ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದರು. “ಕಾಗದ ಬರೆಯಿರಿ, ಎಲ್ಲಕ್ಕೂ ಉತ್ತರ ಬರೆಯುತ್ತೇನೆ, ಬೇಸಗೆಗೆ ಮತ್ತೆ ಬರುತ್ತೇನೆ” ಎಂದೆ. ಹಾಗೆ ಹೇಳುವಾಗ ಅದು ನಿಜವೇ ಆಗಿತ್ತು. ಲಾಂಚು ದಡ ಬಿಟ್ಟು, ಮಕ್ಕಳು ಮಳೆಯಲ್ಲಿ ಕರಗಿಹೋದ ಮೇಲೆ ಅದು ಎಷ್ಟು ದಿನ ನಿಜವಾಗಿ ಉಳಿಯಿತೋ ಹೇಳಲಾರೆ.

ಅಕ್ಟೋಬರಿನಲ್ಲಿ ವಿದ್ಯಾರ್ಥಿನಿಲಯಕ್ಕೆ 50 ಪೈಸೆಯ ಕಾರ್ಡೊಂದು ಬಂತು. ಸೀಸದ ಕಡ್ಡಿಯಲ್ಲಿ, ಗೆರೆಯಿಲ್ಲದ ಕಡೆಯೂ ಗೆರೆಯಿದ್ದಂತೆ ನೆಟ್ಟಗೆ ಬರೆದ ಅಕ್ಷರ: “ಸಣ್ಣ ಮೇಸ್ಟರಿಗೆ ನಮಸಕಾರ. ಮಳೆ ನಿಂತದೆ. ನಾನು ಗರಗಸ ಬಿಟು ಬೇರೆನು ಓದತಿನಿ. ನೀವು ಯಾವಗ ಬರದು.”

ಓದಿ ಎಷ್ಟು ಹಿಗ್ಗಿದೆನೋ ಅಷ್ಟೇ ಸಹಜವಾಗಿ ಕೆಂಪು ಲೇಖನಿ ತೆಗೆದುಕೊಂಡು ತಪ್ಪುಗಳ ಕೆಳಗೆಲ್ಲ ಗೆರೆಯೆಳೆದೆ. ತಿದ್ದಿ, ವಿವರಿಸಿ, ದೊಡ್ಡದೊಂದು ಉತ್ತರ ಬರೆಯಬೇಕೆಂದು ಪುಸ್ತಕದೊಳಗೆ ಇಟ್ಟೆ. ಪರೀಕ್ಷೆ ಬಂತು, ಪ್ರಬಂಧ ಬಂತು. ಜನವರಿಯಲ್ಲಿ ಎರಡನೆಯ ಕಾರ್ಡು: “ನಿಮ್ಮ ಕಾಗದ ಲಾಂಚಿನ ಆಚೆ ಉಳಿದಿದೆ. ಪರವಾಗಿಲ್ಲ. ಬಂದ ಮೇಲೆ ಓದುತ್ತೇನೆ.” ಇದರಲ್ಲಿ ಕೆಂಪು ಗೆರೆಗೆ ಕೆಲಸವೇ ಇರಲಿಲ್ಲ. ಆದರೆ ಬರೆಯದ ಕಾಗದ ಲಾಂಚಿನಾಚೆ ಹೇಗೆ ಉಳಿಯಿತೆಂಬುದು ನನಗೆ ತಿಳಿಯಲಿಲ್ಲ. ತಿಳಿಯುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಮೂರನೆಯ ಕಾರ್ಡು ಬರಲಿಲ್ಲ.

* * *

ಈಗ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನದು. ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೊಮ್ಮೆ ಏಳು ದಿನಗಳ ಶಿಬಿರ. ಏಳು ದಿನಗಳಲ್ಲಿ ಚರಂಡಿ ತೆಗೆಯಬಹುದು, ಗಿಡ ನೆಡಬಹುದು, ಶಾಲೆಗೆ ಸುಣ್ಣ ಬಳಿಯಬಹುದು; ಒಂದು ಮಗುವಿಗೆ ಒಂದಕ್ಷರ ಕಲಿಸಲು ಆ ಅವಧಿ ಸಾಲದು. ಆ ಮಾತನ್ನು ಒಮ್ಮೆ ತರಗತಿಯಲ್ಲಿ ಹೇಳಿದ್ದೇ ಈ ಹುಡುಗಿಯ ಮನಸ್ಸಿಗೆ ನಾಟಿ, ನಮ್ಮಿಬ್ಬರನ್ನೂ ಆ ನವೆಂಬರಿನಲ್ಲಿ ಸೇತುವೆ ದಾಟಿಸಿತ್ತು.

ಕಾಲುಸಂಕಗಳ ಜಾಗದಲ್ಲಿ ಈಗ ಸಿಮೆಂಟಿನ ಮೋರಿ. ಶಾಲೆಯ ಹೆಂಚು ಹೊಸದು; ಬೆಳಗ್ಗೆ ಮಕ್ಕಳಿಗೆ ಬಿಸಿ ಹಾಲು. ಆದರೆ ಮಕ್ಕಳು ಒಂಬತ್ತೇ ಮಂದಿ. ಕೆಲವು ಮನೆಗಳವರು ಕೆಲಸ ಹುಡುಕಿಕೊಂಡು ಪೇಟೆ ಸೇರಿದ್ದಾರೆ. ಕೆಲವರು ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುತ್ತಾರೆ. ದಾರಿಯಾದರೆ ಊರಿಗೆ ಒಳ್ಳೆಯದು ಬರುತ್ತದೆಂದು ನಾವು ತಿಳಿಯುತ್ತೇವೆ. ಬರುವ ದಾರಿಯೇ ಹೋಗುವ ದಾರಿಯೂ ಹೌದು. ಈಗಿನ ಶಿಕ್ಷಕಿ, ಮೂವತ್ತರ ಹರೆಯದ ತಾಯಿ, ಒಂಬತ್ತು ಮಕ್ಕಳಿಗೂ ಐದು ತರಗತಿಗಳ ಪಾಠವನ್ನೂ ಹಾಳೆಪತ್ರಗಳ ಕೆಲಸವನ್ನೂ ಒಬ್ಬರೇ ತೂಗಿಸುತ್ತಾರೆ. ನಮ್ಮನ್ನು ಆದರದಿಂದ ಕರೆದು ಕೂರಿಸಿದರು. ಆದರೆ ಆ ಆದರದಲ್ಲಿ, ‘ಇವರೂ ನಾಲ್ಕು ದಿನದವರು’ ಎಂಬ ಎಣಿಕೆ ಇದ್ದುದು ನನ್ನ ಕಣ್ಣಿಗೆ ಬೀಳದೆ ಹೋಗಲಿಲ್ಲ.

ಮತ್ತು, ಹದಿನೈದು ವರುಷಗಳಾಚೆಯಿಂದ ಬಂದಂತೆ, ಅದೇ ಪ್ರಶ್ನೆ ಇನ್ನೊಂದು ಪುಟ್ಟ ಬಾಯಿಂದ ಬಂತು: “ಮಿಸ್, ಎಷ್ಟು ದಿನಕ್ಕೆ ಬಂದದ್ದು?”

ನಾನು ಉಸಿರು ಹಿಡಿದೆ. ಹುಡುಗಿ ಒಂದು ಕ್ಷಣವೂ ತಡೆಯದೆ, “ಮೂವತ್ತಾರು ದಿನ. ಇವತ್ತೂ ಸೇರಿ. ಡಿಸೆಂಬರ್ 20ಕ್ಕೆ ಹೋಗ್ತೇನೆ” ಎಂದಳು. ಅಷ್ಟಕ್ಕೇ ಬಿಡದೆ, ಅಡುಗೆಯ ಅಮ್ಮನನ್ನು ಕರೆದು, ಕೆಮ್ಮಣ್ಣು ಬಳಿದ ರಟ್ಟಿನ ಮೇಲೆ ಚಿತ್ತಾರದ ಕ್ರಮದಲ್ಲಿ ಮೂವತ್ತಾರು ಬಿಳಿಗೆರೆ ಎಳೆಸಿದಳು. ದಿನಕ್ಕೊಬ್ಬ ಮಗು ಒಂದು ಗೆರೆಯ ಮೇಲೆ ಕಪ್ಪು ಬಳಿಯಬೇಕು. ಎಷ್ಟು ಕಳೆಯಿತು, ಎಷ್ಟು ಉಳಿಯಿತು, ಎಲ್ಲರೂ ಲೆಕ್ಕ ಹೇಳಬೇಕು. ಮೊದಲನೆಯ ದಿನ ಏನು ಪಾಠ ಮಾಡಲೆಂದು ಕೇಳಿದ್ದಳಲ್ಲ. ಉತ್ತರವನ್ನು ಅವಳೇ ಕಂಡುಕೊಂಡಿದ್ದಳು. ಮಕ್ಕಳಿಗೆ ಅದು ವ್ಯವಕಲನದ ಪಾಠ. ನನಗೆ ಅದು ಬೇರೆಯೇ ಪಾಠವಾಗಿತ್ತು.

* * *

ದೊಡ್ಡ ಮೇಷ್ಟ್ರು ಬಯಲುಸೀಮೆಗೆ ಹಿಂದಿರುಗಲೇ ಇಲ್ಲ. ಅಲ್ಲಿಯೇ ನಿವೃತ್ತರಾಗಿ, ತುಮರಿಯ ಬಳಿ ಸಣ್ಣದೊಂದು ಮನೆ ಮಾಡಿಕೊಂಡಿದ್ದಾರೆ. ಮಧ್ಯಾಹ್ನ ಹುಡುಕಿಕೊಂಡು ಹೋದೆ. ಕನ್ನಡಕ ಸರಿಪಡಿಸಿಕೊಂಡು ನೋಡಿ, “ಸಣ್ಣ ಮೇಷ್ಟ್ರು! ಕೂದಲು ನೆರೆಯಿತಲ್ಲಪ್ಪ” ಎಂದರು. ಊಟ ಮಾಡದೆ ಬಿಡಲಿಲ್ಲ. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ತಾವೇ ಬಡಿಸಿದರು. ಎರಡು ಕಾರ್ಡುಗಳನ್ನು ಅವರ ಮುಂದಿಟ್ಟಾಗ ಬಹಳ ಹೊತ್ತು ಮಾತಾಡಲಿಲ್ಲ.

“ದಿನಾ ಕೇಳುತ್ತಿದ್ದ, ಕಾಗದ ಬಂತಾ ಅಂತ. ಮೇಷ್ಟ್ರು ಬರೆಯಲಿಲ್ಲ ಅಂತ ಹೇಳೋದು ಹೇಗೆ? ಆಗ ತಾನೇ ಓದಲು ಕಲಿತ ಹುಡುಗ. ಕಾಗದ ಬಂದಿದೆ, ಲಾಂಚು ಕೆಟ್ಟಿದೆ, ಆಚೆ ಉಳಿದಿದೆ ಅಂದೆ. ಬೇಸಗೆಯಲ್ಲಿ, ನೀರು ಇಳಿದಿದೆ, ಲಾಂಚು ದಡಕ್ಕೆ ಬರುತ್ತಿಲ್ಲ ಅಂದೆ. ಮಳೆಗಾಲದಲ್ಲಿ, ಗಾಳಿ ಜಾಸ್ತಿ ಅಂದೆ. ಪಾಪ, ಲಾಂಚಿನ ಮೇಲೆ ಎಷ್ಟು ಸುಳ್ಳು ಹೊರಿಸಿದೆನೋ!” ಎಂದು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: “ಬರುವವರು ಬರಬೇಡಿ ಅಂತ ನಾನು ಅನ್ನೋದಿಲ್ಲ. ನೀವು ಬಾರದಿದ್ದರೆ ಅವನು ಓದುತ್ತಿರಲಿಲ್ಲ. ನನ್ನೊಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಆದರೆ ಹೋಗುವಾಗ ಹೇಳಿ ಹೋಗೋದು ಕಲಿಯಬೇಕು. ಉಳಿದವರು ಅದರ ಬಾಕಿ ತೀರಿಸಬೇಕಾಗುತ್ತೆ.”

ಹನ್ನೊಂದು ಮಳೆಗಾಲಗಳ ಮೇಲೆ ಇನ್ನೆಷ್ಟೋ ಮಳೆಗಾಲ ಕಳೆದ ಆ ಮನುಷ್ಯನ ಕೈಗೆ ಯಾರೂ ಹೂಮಾಲೆ ಕೊಟ್ಟಿರಲಿಕ್ಕಿಲ್ಲ. ಆರು ವಾರವಿದ್ದ ನನಗೆ ಅಂದು ಕಾಲೇಜಿನಲ್ಲಿ ಚಪ್ಪಾಳೆ ಸಿಕ್ಕಿತ್ತು.

ಹುಡುಗ ಈಗ ಸಾಗರದಲ್ಲಿ ಮರಗೆಲಸದ ಅಂಗಡಿಯಿಟ್ಟಿದ್ದಾನೆಂದು ಅವರೇ ಹೇಳಿದರು. ಸಂಜೆ ಅಂಗಡಿಯ ಮುಂದೆ ಇಳಿದೆ. ಹೊಟ್ಟಿನ ರಾಶಿಯ ನಡುವೆ, ಕಿವಿಯ ಮೇಲೆ ಸೀಸದ ಕಡ್ಡಿ ಸಿಕ್ಕಿಸಿಕೊಂಡ ಎತ್ತರದ ಯುವಕ ಬಾಗಿಲಿನ ಚೌಕಟ್ಟಿಗೆ ಅಳತೆ ಗುರುತು ಹಾಕುತ್ತಿದ್ದ. ಗುರುತು ಸಿಗಲಿಲ್ಲ, ಕಾರ್ಡು ಕೊಟ್ಟೆ. ತನ್ನ ಅಕ್ಷರವನ್ನೇ ಪರರ ಅಕ್ಷರದಂತೆ ಓದಿದ. ಕೆಂಪು ಗೆರೆಗಳನ್ನು ಬೆರಳಿಟ್ಟು ಎಣಿಸಿದ.

“ಇಷ್ಟೇ ತಪ್ಪಾ, ಮೇಷ್ಟ್ರೇ?”

“ಒಂದು ಬಿಟ್ಟುಹೋಗಿತ್ತು. ಅದು ನಿನ್ನದಲ್ಲ, ನನ್ನದು” ಎಂದೆ. ನಾಲ್ಕು ಮಾತಿನಲ್ಲಿ ನಿಜ ಹೇಳಿದೆ. ಕಾಗದ ಲಾಂಚಿನಾಚೆ ಉಳಿದಿರಲಿಲ್ಲ. ನಾನು ಬರೆದೇ ಇರಲಿಲ್ಲ.

ಅವನು ಹೊಟ್ಟು ಕೊಡವಿ ಕುರ್ಚಿ ಮುಂದಿಟ್ಟ. ಹುಡುಗನನ್ನು ಕಳಿಸಿ ಚಹಾ ತರಿಸಿದ. “ನನಗೆ ಹೈಸ್ಕೂಲಿಗೆ ಹೋದಾಗಲೇ ಗೊತ್ತಾಯ್ತು. ದೊಡ್ಡ ಮೇಷ್ಟ್ರಿಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ” ಎಂದ. ಸ್ವಲ್ಪ ಹೊತ್ತಾದ ಮೇಲೆ, ಕಾರ್ಡನ್ನು ನನ್ನ ಕೈಗೇ ಹಿಂದಿರುಗಿಸಿ, “ಈಗ ಬರೆಯಿರಿ. ಸೇತುವೆ ಆಗ್ಯದಲ್ಲ” ಎಂದು ನಕ್ಕ.

* * *

ಡಿಸೆಂಬರ್ 20ರಂದು ವಿದ್ಯಾರ್ಥಿನಿಯನ್ನು ಕರೆತರಲು ಹೋದಾಗ ಗೋಡೆಯ ಮೇಲೆ ಒಂದೇ ಬಿಳಿಗೆರೆ ಉಳಿದಿತ್ತು. ಒಂದನೆಯ ತರಗತಿಯ ಹುಡುಗಿ ಅದರ ಮೇಲೆ ಕಪ್ಪು ಬಳಿದು, “ಸೊನ್ನೆ” ಎಂದಳು. ಅಳುವವರು ಅತ್ತರು, ಆದರೆ ಯಾರ ಮುಖದಲ್ಲಿಯೂ ಮೋಸಹೋದ ಬೆರಗಿರಲಿಲ್ಲ. ಆಕೆ ಮತ್ತೆ ಬರುತ್ತೇನೆಂದು ಹೇಳಲಿಲ್ಲ. ತಿಂಗಳ ಮೊದಲನೆಯ ತಾರೀಖು ಒಂದು ಕಾಗದ, ಮಾರ್ಚಿನವರೆಗೆ, ಅಷ್ಟೇ ಎಂದಳು. ಮಕ್ಕಳ ಬಾಯಿಂದ ಕೇಳಿ ಬರೆದ ಹಳ್ಳ, ತೋಟ, ಲಾಂಚು, ಅಜ್ಜಿಯರ ಮಾತುಗಳ ಓದುವ ಕಾರ್ಡುಗಳ ಕಟ್ಟೊಂದನ್ನು ಶಿಕ್ಷಕಿಯ ಕೈಗಿತ್ತಳು. ಆರು ವಾರಗಳಲ್ಲಿ ಒಬ್ಬ ಹುಡುಗ ಕೂಡುವುದನ್ನು ಕಲಿತಿದ್ದ. ಇಬ್ಬರು ತಡೆಯಿಲ್ಲದೆ ಓದುತ್ತಿದ್ದರು. ಲೆಕ್ಕಕ್ಕೆ ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಕೊಳಗದ ಅಳತೆ ತಪ್ಪುತ್ತದೆ.

ಹಿಂದಿರುಗುವಾಗ ಸೇತುವೆಯ ಮೇಲೆ ಸಂಜೆಯ ಬಿಸಿಲಿತ್ತು. ಕೆಳಗೆ ನೀರು ತುಂಬಿಕೊಂಡು, ತನ್ನೊಳಗಿನ ಗದ್ದೆ ಮನೆಗಳ ಮಾತನ್ನೆತ್ತದೆ, ಹೊನ್ನಿನ ಬಣ್ಣ ತಾಳಿತ್ತು. ಇಷ್ಟು ವರ್ಷ ಆಚೆ ದಡಕ್ಕೆ ಸಲ್ಲಬೇಕಾದ್ದು ಸಲ್ಲದೆ ಹೋದಾಗಲೆಲ್ಲ ನಾವು ಈ ನೀರಿನ ಕಡೆ ಕೈತೋರಿಸಿದ್ದೇವೆ. ಇನ್ನು ಮುಂದೆ ಆ ನೆಪ ನಮಗಿಲ್ಲ.

ಅಂದು ರಾತ್ರಿ ಮನೆಯಲ್ಲಿ ಹೊಸದೊಂದು ಅಂಚೆ ಕಾರ್ಡು ಮುಂದಿಟ್ಟುಕೊಂಡು ಕುಳಿತೆ. ಕೆಂಪು ಲೇಖನಿಯನ್ನು ದೂರವಿಟ್ಟು, ಹದಿನೈದು ವರುಷದ ಹಿಂದಿನ ಪ್ರಶ್ನೆಗೆ ಉತ್ತರ ಬರೆಯತೊಡಗಿದೆ. ಮೊದಲ ಸಾಲು ಬರೆಯುವಷ್ಟರಲ್ಲಿ ಎರಡು ಕಾರ್ಡು ಹರಿದೆ. ಮೂರನೆಯದನ್ನು ಬೆಳಗ್ಗೆ ಅಂಚೆ ಡಬ್ಬಿಗೆ ಹಾಕಿದೆ.